ಎರಡು ಕೈಗೆ ಎರಡು ಆಯುಧ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯಲ್ಲಿ ಜೋಡಿ ಕತ್ತಿಯ ಕಾಳಗ

ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದು ಪಾತ್ರವಾಗಿ ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಹೊಸದಾಗಿ ಕೂತ ಗುಂಪಿನಲ್ಲಿ ಒಬ್ಬರಾದರೂ ತಮ್ಮ ಪಾತ್ರಕ್ಕೆ ಎರಡೂ ಕೈಯಲ್ಲಿ ಕತ್ತಿ ಬೇಕೆಂದು ಕೇಳಿಯೇ ಕೇಳುತ್ತಾರೆ. ಸವ್ಯಸಾಚಿಯಾಗುವ ಆಸೆ ಯಾರಿಗಿಲ್ಲ? ಐದನೇ ಆವೃತ್ತಿಯಲ್ಲಿ ಇದಕ್ಕೆ ಸಂಬಂಧಿಸಿದ ನಿಯಮ ನಾಲ್ಕೈದು ಸಾಲಿನದ್ದಷ್ಟೇ. ಆದರೆ ಆ ಸಾಲುಗಳನ್ನು ಅವಸರದಲ್ಲಿ ಓದಿದವರು ಒಂದೋ ಬಾರದ ಹೊಡೆತವನ್ನು ಹೊಡೆಯುತ್ತಾರೆ, ಇಲ್ಲವೇ ಬರಬೇಕಾದ ಹೊಡೆತವನ್ನು ಬಿಟ್ಟುಕೊಡುತ್ತಾರೆ. ಈ ಬರಹದಲ್ಲಿ ಮೊದಲು 2014ರ ಆಟಗಾರರ ಕೈಪಿಡಿಯ ನಿಯಮವನ್ನೂ, ಬಳಿಕ 2024ರ ಪರಿಷ್ಕೃತ ಕೈಪಿಡಿಯಲ್ಲಿ ಆದ ಬದಲಾವಣೆಯನ್ನೂ ವಿವರಿಸಿದ್ದೇನೆ. ನಿಮ್ಮ ಗುಂಪು ಇವೆರಡರಲ್ಲಿ ಯಾವ ಪುಸ್ತಕದ ಪ್ರಕಾರ ಆಡುತ್ತಿದೆ ಎಂಬುದನ್ನು ಪಾತ್ರ ಕಟ್ಟುವ ಮೊದಲೇ ಆಟ ನಡೆಸುವ ಡಂಜನ್ ಮಾಸ್ಟರ್ ಬಳಿ ಕೇಳಿಕೊಳ್ಳಬೇಕು. ಇದೊಂದು ವಿಷಯದಲ್ಲಿ ಎರಡು ಪುಸ್ತಕಗಳ ಉತ್ತರ ಬೇರೆಬೇರೆ.

ಒಂದು ಮಾತನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಈ ಆವೃತ್ತಿಯಲ್ಲಿ ಎರಡನೇ ಆಯುಧ ಹಿಡಿದದ್ದಕ್ಕೆ ಗುರಿ ತಪ್ಪುವ ದಂಡವೇನೂ ಇಲ್ಲ. ಅದಕ್ಕೆ ತೆರಬೇಕಾದ ಬೆಲೆ ಬೋನಸ್ ಆ್ಯಕ್ಷನ್, ಅಂದರೆ ಸರದಿಯ ಮುಖ್ಯ ಕೆಲಸವಾದ ಆ್ಯಕ್ಷನ್ ಜೊತೆಗೆ ಮಾಡಬಹುದಾದ ಇನ್ನೊಂದು ಚಿಕ್ಕ ಕೆಲಸ. ಪ್ರತಿ ಸರದಿಗೆ ಸಿಗುವ ಆ ಒಂದೇ ಬೋನಸ್ ಆ್ಯಕ್ಷನ್‌ನಿಂದ ನಿಮ್ಮ ಪಾತ್ರ ಬೇರೇನು ಮಾಡಬಹುದಿತ್ತು ಎಂದು ಲೆಕ್ಕ ಹಾಕಿದವರಿಗೆ ಜೋಡಿ ಕತ್ತಿ ತಮಗೆ ಹೊಂದುತ್ತದೆಯೇ ಇಲ್ಲವೇ ಎಂಬುದು ತಾನಾಗಿಯೇ ತಿಳಿಯುತ್ತದೆ.

2014ರ ನಿಯಮ ಹೇಳುವುದೇನು

ನಿಮ್ಮ ಸರದಿಯಲ್ಲಿ ಅಟ್ಯಾಕ್ ಆ್ಯಕ್ಷನ್ ತೆಗೆದುಕೊಂಡು, ಒಂದು ಕೈಯಲ್ಲಿ ಹಿಡಿದ ಲೈಟ್ ಗುಣದ ಕೈಹೋರಾಟದ ಆಯುಧದಿಂದ ಹೊಡೆದರೆ, ಇನ್ನೊಂದು ಕೈಯಲ್ಲಿರುವ ಬೇರೊಂದು ಲೈಟ್ ಆಯುಧದಿಂದ ಬೋನಸ್ ಆ್ಯಕ್ಷನ್ ಬಳಸಿ ಮತ್ತೊಮ್ಮೆ ಹೊಡೆಯಬಹುದು. ಈ ಎರಡನೇ ಹೊಡೆತ ತಾಗಿತೇ ಎಂದು ನೋಡಲು ಉರುಳಿಸುವ ಇಪ್ಪತ್ತು ಮುಖದ ದಾಳಕ್ಕೆ ಎಂದಿನಂತೆ ಸಾಮರ್ಥ್ಯದ ಮಾಡಿಫೈಯರನ್ನೂ (ಪಾತ್ರದ ಬಲ ಅಥವಾ ಚುರುಕಿನಿಂದ ಬರುವ ಅಂಕಿ) ಪ್ರೊಫಿಷಿಯೆನ್ಸಿ ಬೋನಸನ್ನೂ (ಪಳಗಿದ ಆಯುಧಕ್ಕೆ ಸಿಗುವ ಅಂಕಿ) ಕೂಡಿಸಬೇಕು. ತಾಗಿದ ಮೇಲಿನ ಡ್ಯಾಮೇಜ್‌ಗೆ ಮಾತ್ರ ಆ ಮಾಡಿಫೈಯರ್ ಸೇರುವುದಿಲ್ಲ. ಅದು ಋಣಸಂಖ್ಯೆಯಾಗಿದ್ದರೆ ಮಾತ್ರ ಕಳೆಯಬೇಕು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ: ಕೆಲವರು ಎರಡು ಕಡೆಯೂ ಕೂಡಿಸುತ್ತಾರೆ, ಇನ್ನು ಕೆಲವರು ಎರಡು ಕಡೆಯೂ ಬಿಡುತ್ತಾರೆ.

ಅಟ್ಯಾಕ್ ಆ್ಯಕ್ಷನ್ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಮಂತ್ರ ಹಾಕುವುದು, ಓಡುವುದು, ಡಾಡ್ಜ್ ಮಾಡುವುದು ಇವೆಲ್ಲ ಬೇರೆ ಆ್ಯಕ್ಷನ್‌ಗಳಾದ್ದರಿಂದ ಅವುಗಳ ಬೆನ್ನಿಗೆ ಎಡಗೈ ಹೊಡೆತ ಬರುವುದಿಲ್ಲ. ಶತ್ರು ನಿಮ್ಮಿಂದ ದೂರ ಸರಿಯುವಾಗ ಸಿಗುವ ಆಪರ್ಚುನಿಟಿ ಅಟ್ಯಾಕ್ ರಿಯಾಕ್ಷನ್ ಆಗಿರುವುದರಿಂದ ಅಲ್ಲಿಯೂ ಒಂದೇ ಹೊಡೆತ. ಐದನೇ ಲೆವೆಲ್‌ನಲ್ಲಿ ಎಕ್ಸ್‌ಟ್ರಾ ಅಟ್ಯಾಕ್ ಬಂದ ಮೇಲೆ ಅಟ್ಯಾಕ್ ಆ್ಯಕ್ಷನ್‌ನೊಳಗಿನ ಹೊಡೆತಗಳು ಎರಡಾಗುತ್ತವೆಯೇ ಹೊರತು ಬೋನಸ್ ಹೊಡೆತ ಒಂದೇ ಉಳಿಯುತ್ತದೆ; ಒಟ್ಟು ಮೂರು, ನಾಲ್ಕಲ್ಲ. ಎರಡೂ ಹೊಡೆತಗಳು ಒಂದೇ ಶತ್ರುವಿನ ಮೇಲೆ ಬೀಳಬೇಕೆಂಬ ಕಟ್ಟಳೆಯಿಲ್ಲ. ಒಬ್ಬನನ್ನು ಹೊಡೆದು, ನಡೆಯಲು ಉಳಿದಿರುವ ಅಡಿಗಳಷ್ಟು ನಡೆದು, ಇನ್ನೊಬ್ಬನನ್ನು ಹೊಡೆಯಬಹುದು.

ಲೈಟ್ ಗುಣವಿರುವ ಕೈಹೋರಾಟದ ಆಯುಧಗಳು ಕೆಲವೇ. ಡ್ಯಾಗರ್, ಕ್ಲಬ್ ಅಂದರೆ ಸಣ್ಣ ದೊಣ್ಣೆ, ಲೈಟ್ ಹ್ಯಾಮರ್ ಮತ್ತು ಕುಡುಗೋಲಿನಂಥ ಸಿಕಲ್ ಇವು ನಾಲ್ಕು ಮುಖದ ದಾಳದವು; ಹ್ಯಾಂಡ್‌ಆ್ಯಕ್ಸ್, ಶಾರ್ಟ್‌ಸೋರ್ಡ್ ಮತ್ತು ಸಿಮಿಟರ್ ಆರು ಮುಖದವು. ಚುರುಕಿನ ಪಾತ್ರವಾದರೆ ಶಾರ್ಟ್‌ಸೋರ್ಡ್ ಜೋಡಿ, ಬಲದ ಪಾತ್ರವಾದರೆ ಹ್ಯಾಂಡ್‌ಆ್ಯಕ್ಸ್ ಜೋಡಿ ಎಂದಿಟ್ಟುಕೊಂಡರೆ ತಪ್ಪಾಗದು. ಹ್ಯಾಂಡ್‌ಆ್ಯಕ್ಸನ್ನು ಎಸೆಯಲೂ ಬರುತ್ತದೆ, ಮತ್ತು ಥ್ರೋನ್ ಗುಣವಿರುವ ಆಯುಧವನ್ನು ಹೊಡೆಯುವ ಬದಲು ಎಸೆಯಲು ಈ ನಿಯಮವೇ ಅವಕಾಶ ಕೊಡುತ್ತದೆ. ಆದ್ದರಿಂದ 20 ಅಡಿ ದೂರದಲ್ಲಿ ನಿಂತ ಶತ್ರುವಿನ ಮೇಲೂ ಎರಡು ಕೊಡಲಿ ಬೀಳುತ್ತವೆ. ಆಮೇಲೆ ಬರಿಗೈಯಲ್ಲಿ ನಿಲ್ಲುವಿರಿ ಎಂಬುದನ್ನು ಮಾತ್ರ ಮರೆಯಬಾರದು. ಸರದಿಗೆ ಒಂದು ವಸ್ತುವನ್ನಷ್ಟೇ ಪುಕ್ಕಟೆಯಾಗಿ ಮುಟ್ಟಲು ಅವಕಾಶವಿರುವ 2014ರ ಆಟದಲ್ಲಿ ಎರಡು ಕತ್ತಿಗಳನ್ನು ಒಟ್ಟಿಗೆ ಒರೆಯಿಂದ ಎಳೆಯುವುದಕ್ಕೂ ಆಗುವುದಿಲ್ಲ. ಅನಿರೀಕ್ಷಿತವಾಗಿ ಕಾಳಗ ಶುರುವಾದರೆ ಮೊದಲ ಸುತ್ತಿನಲ್ಲಿ ಒಂದು ಕತ್ತಿ ಸೊಂಟದಲ್ಲೇ ಉಳಿಯುತ್ತದೆ. ಅಪಾಯದ ಜಾಗಕ್ಕೆ ಕಾಲಿಡುವಾಗಲೇ ‘ಒಂದು ಕತ್ತಿ ಕೈಯಲ್ಲಿದೆ’ ಎಂದು ಡಂಜನ್ ಮಾಸ್ಟರ್‌ಗೆ ಹೇಳಿಟ್ಟರೆ ಈ ತೊಂದರೆಯಿಲ್ಲ.

ಒಂದು ಸರದಿಯನ್ನು ಹತ್ತಿರದಿಂದ ನೋಡೋಣ

ಮೊದಲ ಲೆವೆಲ್‌ನ ಫೈಟರ್, ಅಂದರೆ ಯೋಧ ವರ್ಗದ ಪಾತ್ರ, ಒಬ್ಬಳಿದ್ದಾಳೆ ಎಂದುಕೊಳ್ಳಿ. ಅವಳ ಡೆಕ್ಸ್‌ಟೆರಿಟಿ (ಚುರುಕು) 16, ಮಾಡಿಫೈಯರ್ 3, ಪ್ರೊಫಿಷಿಯೆನ್ಸಿ 2; ಎರಡೂ ಕೈಯಲ್ಲಿ ಶಾರ್ಟ್‌ಸೋರ್ಡ್. ಎದುರಿಗೆ 2014ರ ಮಾನ್‌ಸ್ಟರ್ ಮ್ಯಾನುಯಲ್‌ನ ಗಾಬ್ಲಿನ್, ಅದರ ಆರ್ಮರ್ ಕ್ಲಾಸ್ (ಹೊಡೆತ ತಾಗಲು ಮುಟ್ಟಬೇಕಾದ ಅಂಕಿ) 15, ಹಿಟ್ ಪಾಯಿಂಟ್ (ಪ್ರಾಣಬಲ) 7. ಬಲಗೈ ಹೊಡೆತಕ್ಕೆ ದಾಳದಲ್ಲಿ 12 ಬಿತ್ತು. 5 ಕೂಡಿಸಿದರೆ 17, ತಾಗಿತು. ಡ್ಯಾಮೇಜ್ ದಾಳದಲ್ಲಿ ಬಿದ್ದದ್ದು 2, ಮಾಡಿಫೈಯರ್ ಸೇರಿ 5. ಗಾಬ್ಲಿನ್‌ಗೆ ಉಳಿದದ್ದು 2. ಈಗ ಎಡಗೈ: ದಾಳದಲ್ಲಿ 13, ಒಟ್ಟು 18, ಇದೂ ತಾಗಿತು. ಆದರೆ ಡ್ಯಾಮೇಜ್ ದಾಳ 1 ತೋರಿಸಿತು. ಮಾಡಿಫೈಯರ್ ಸೇರುವಂತಿಲ್ಲವಾದ್ದರಿಂದ ಗಾಬ್ಲಿನ್ ಒಂದು ಹಿಟ್ ಪಾಯಿಂಟ್ ಹಿಡಿದುಕೊಂಡು ಬದುಕಿಕೊಂಡಿತು. ತನ್ನ ಸರದಿ ಬಂದಾಗ ಸಿಮಿಟರ್ ಬೀಸಿ, ತನ್ನದೇ ಬೋನಸ್ ಆ್ಯಕ್ಷನ್‌ನಿಂದ ಡಿಸ್‌ಎಂಗೇಜ್ ಮಾಡಿ (ಸರಿಯುವಾಗ ಹೊಡೆತ ಬೀಳದಂತೆ ಬಿಡಿಸಿಕೊಂಡು) ಪೊದೆಯ ಹಿಂದೆ ಸರಿದುಬಿಟ್ಟಿತು.

ಇದೇ ಫೈಟರ್ ತನ್ನ ಫೈಟಿಂಗ್ ಸ್ಟೈಲ್ ಆಗಿ ಟೂ-ವೆಪನ್ ಫೈಟಿಂಗ್ ಆರಿಸಿಕೊಂಡಿದ್ದರೆ ಎಡಗೈ ಡ್ಯಾಮೇಜ್‌ಗೂ 3 ಸೇರಿ ಒಟ್ಟು 4 ಆಗುತ್ತಿತ್ತು, ಗಾಬ್ಲಿನ್ ಅಲ್ಲೇ ಮಲಗುತ್ತಿತ್ತು. ಆ ಸ್ಟೈಲ್ ಮಾಡುವುದು ಇಷ್ಟೇ ಕೆಲಸ. ಫೈಟರ್‌ಗೆ ಅದು ಮೊದಲ ಲೆವೆಲ್‌ನಲ್ಲಿ, ಕಾಡಿನ ಬೇಟೆಗಾರ ವರ್ಗದವನಾದ ರೇಂಜರ್‌ಗೆ ಎರಡನೆಯದರಲ್ಲಿ ಸಿಗುತ್ತದೆ. 2014ರ ಪಲಡಿನ್‌ಗೆ (ಧರ್ಮಯೋಧನಿಗೆ) ಆ ಆಯ್ಕೆಯೇ ಇಲ್ಲ. ಜೋಡಿ ಕತ್ತಿಯನ್ನೇ ನೆಚ್ಚಿಕೊಳ್ಳುವ ಫೈಟರ್ ಅಥವಾ ರೇಂಜರ್ ಬೇರೆ ಸ್ಟೈಲ್ ಆರಿಸಿಕೊಳ್ಳುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ.

ಲೆಕ್ಕ ಏನು ಹೇಳುತ್ತದೆ

ಕ್ರಿಟಿಕಲ್ ಹಿಟ್‌ಗಳನ್ನು (ದಾಳದಲ್ಲಿ 20 ಬಿದ್ದಾಗಿನ ಜೋರು ಪೆಟ್ಟುಗಳನ್ನು) ಬದಿಗಿಟ್ಟು ಸರಾಸರಿಯನ್ನಷ್ಟೇ ನೋಡೋಣ. ಮೇಲಿನ ಫೈಟರ್ ಆರ್ಮರ್ ಕ್ಲಾಸ್ 13 ಇರುವ ಶತ್ರುವನ್ನು ಹೊಡೆದರೆ ನೂರಕ್ಕೆ 65 ಸಲ ತಾಗುತ್ತದೆ. ಸ್ಟೈಲ್ ಇಲ್ಲದೆ ಎರಡು ಹೊಡೆತಗಳಿಂದ ಸರದಿಗೆ ಬರುವ ಸರಾಸರಿ ಡ್ಯಾಮೇಜ್ 6.5. ಅಷ್ಟೇ ಮಾಡಿಫೈಯರ್ ಇರುವ ಇನ್ನೊಬ್ಬ ಫೈಟರ್ ಎರಡು ಕೈಯ ಗ್ರೇಟ್‌ಸೋರ್ಡ್ ಬೀಸಿದರೂ ಸ್ಟೈಲ್ ಇಲ್ಲದೆ ಬರುವುದು 6.5ರಷ್ಟೇ. ಇಬ್ಬರಿಗೂ ತಮ್ಮ ತಮ್ಮ ಆಯುಧಕ್ಕೆ ತಕ್ಕ ಸ್ಟೈಲ್ ಕೊಟ್ಟರೆ ಜೋಡಿ ಕತ್ತಿಗೆ ಸುಮಾರು 8.5, ಗ್ರೇಟ್‌ಸೋರ್ಡ್‌ಗೆ ಸುಮಾರು 7.4. ಗುರಾಣಿಯ ಜೊತೆ ಲಾಂಗ್‌ಸೋರ್ಡ್ ಹಿಡಿದು ಡ್ಯೂಯಲಿಂಗ್ ಸ್ಟೈಲ್ ಆರಿಸಿಕೊಂಡವನಿಗೆ ಸುಮಾರು 6.2 ಬರುತ್ತದೆ, ಆದರೆ ಅವನ ಆರ್ಮರ್ ಕ್ಲಾಸ್ 2 ಹೆಚ್ಚು. ಅಂದರೆ ಮೊದಲ ನಾಲ್ಕು ಲೆವೆಲ್‌ಗಳಲ್ಲಿ ಜೋಡಿ ಕತ್ತಿಯವರದೇ ಮೇಲುಗೈ.

ಐದನೇ ಲೆವೆಲ್‌ನಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಮಾಡಿಫೈಯರ್ 4 ಆಗಿ, ತಾಗುವ ಪ್ರಮಾಣ ಅದೇ 65 ಎಂದಿಟ್ಟುಕೊಂಡರೆ, ಜೋಡಿ ಕತ್ತಿಯ ಮೂರು ಹೊಡೆತಗಳಿಂದ ಸುಮಾರು 14.6, ಗ್ರೇಟ್‌ಸೋರ್ಡ್‌ನ ಎರಡು ಹೊಡೆತಗಳಿಂದ ಸುಮಾರು 16. ಎಕ್ಸ್‌ಟ್ರಾ ಅಟ್ಯಾಕ್ ಬಂದಾಗ ದೊಡ್ಡ ಕತ್ತಿಯವನ ಹೊಡೆತಗಳು ಇಮ್ಮಡಿಯಾದವು, ಇತ್ತ ಎರಡಿದ್ದದ್ದು ಮೂರಾಯಿತಷ್ಟೇ; ಕಾರಣ ಇಷ್ಟೇ. ಹನ್ನೊಂದನೇ ಲೆವೆಲ್‌ನಲ್ಲಿ ಫೈಟರ್‌ಗೆ ಮತ್ತೊಂದು ಹೊಡೆತ ಸೇರಿದಾಗ ಈ ಅಂತರ ಇನ್ನೂ ಹಿಗ್ಗುತ್ತದೆ. ಸರದಿಯ ಬೋನಸ್ ಆ್ಯಕ್ಷನನ್ನೂ ಖರ್ಚು ಮಾಡಿ, ಹಿಂದೆಯೂ ಬೀಳುವುದೆಂದರೆ 2014ರ ಫೈಟರ್‌ಗೆ ಅದು ನಷ್ಟದ ವ್ಯಾಪಾರವೇ.

ಹಾಗೆಂದು ಸರಾಸರಿಯೇ ಎಲ್ಲವೂ ಅಲ್ಲ. ಮಂತ್ರವೊಂದರ ಮೇಲೆ ಏಕಾಗ್ರತೆ ಇಟ್ಟುಕೊಂಡಿರುವ ಶತ್ರು ಪ್ರತಿ ಪೆಟ್ಟಿಗೂ ಬೇರೆಬೇರೆಯಾಗಿ ಕಾನ್‌ಸ್ಟಿಟ್ಯೂಷನ್ ಸೇವಿಂಗ್ ಥ್ರೋ (ಮಂತ್ರ ಮುರಿಯದಂತೆ ಉಳಿಸಿಕೊಳ್ಳುವ ದಾಳ) ಉರುಳಿಸಬೇಕು, ಮತ್ತು ಅದಕ್ಕೆ ಕನಿಷ್ಠ ಗುರಿ 10 ಇದ್ದೇ ಇರುತ್ತದೆ. ಮೂರು ಪಾಯಿಂಟಿನ ಎರಡು ಪೆಟ್ಟುಗಳು ಹತ್ತೊಂಬತ್ತು ಪಾಯಿಂಟಿನ ಒಂದು ಪೆಟ್ಟಿಗಿಂತ ಮಂತ್ರವಾದಿಯನ್ನು ಹೆಚ್ಚು ಕಾಡುತ್ತವೆ. ಹಿಟ್ ಪಾಯಿಂಟ್ ಕಡಿಮೆಯಿರುವ ಶತ್ರುಗಳು ಗುಂಪಾಗಿ ಬಂದಾಗಲೂ ಹಂಚಿ ಹೊಡೆಯಬಲ್ಲವನೇ ಉಪಯುಕ್ತ. ಇದಕ್ಕೆ ವಿರುದ್ಧವಾಗಿ, ಮಾಂತ್ರಿಕವಲ್ಲದ ಆಯುಧಗಳ ಡ್ಯಾಮೇಜ್ ಅರ್ಧವಾಗುವ ರಾಕ್ಷಸ ಎದುರಾದರೆ ನಿಮಗೆ ಒಂದಲ್ಲ, ಎರಡು ಮಾಂತ್ರಿಕ ಕತ್ತಿಗಳು ಬೇಕಾಗುತ್ತವೆ, ಅವನ್ನು ಕೊಡುವ ಮನಸ್ಸು ಡಂಜನ್ ಮಾಸ್ಟರ್‌ಗೆ ಇರಬೇಕು.

ಬೋನಸ್ ಆ್ಯಕ್ಷನ್ ಯಾರಿಗೆ ಎಷ್ಟು ದುಬಾರಿ

ಈ ಹೋರಾಟದಿಂದ ನಿಜವಾದ ಲಾಭ ಪಡೆಯುವವನು ಅಡಗಿ ಹೊಡೆಯುವ ವರ್ಗದವನಾದ ರೋಗ್ ಎಂದು ನನ್ನ ಅಭಿಪ್ರಾಯ. ಅವನಿಗೆ ಆ ಫೈಟಿಂಗ್ ಸ್ಟೈಲ್ ಇಲ್ಲದಿದ್ದರೂ ನಷ್ಟವಿಲ್ಲ, ಏಕೆಂದರೆ ಅವನ ಡ್ಯಾಮೇಜ್‌ನ ಬಹುಪಾಲು, ಸಮಯ ಸಾಧಿಸಿ ಹೊಡೆದಾಗ ಹೆಚ್ಚುವರಿ ದಾಳ ಸೇರಿಸುವ ಸ್ನೀಕ್ ಅಟ್ಯಾಕ್‌ನಿಂದ ಬರುತ್ತದೆ, ಮತ್ತು ಅದು ಸರದಿಗೆ ಒಂದೇ ಸಲ. ಒಂದೇ ಹೊಡೆತದಲ್ಲಿ ನೂರಕ್ಕೆ 65 ಸಲ ಸಿಗುವ ಸ್ನೀಕ್ ಅಟ್ಯಾಕ್, ಎರಡು ಹೊಡೆತಗಳಿದ್ದರೆ ಸುಮಾರು 88 ಸಲ ಸಿಗುತ್ತದೆ. ಆದರೆ ರೋಗ್‌ಗೆ ಬೋನಸ್ ಆ್ಯಕ್ಷನ್‌ನಲ್ಲೇ ಓಡುವ, ಅಡಗುವ, ಡಿಸ್‌ಎಂಗೇಜ್ ಮಾಡುವ ಕನಿಂಗ್ ಆ್ಯಕ್ಷನ್ ಕೂಡ ಇದೆ. ಆದ್ದರಿಂದ ಅವನು ಎರಡು ದಾಳಗಳನ್ನು ಒಟ್ಟಿಗೆ ಉರುಳಿಸಲೇಬಾರದು. ಮೊದಲ ಹೊಡೆತ ತಾಗಿದರೆ ಸ್ನೀಕ್ ಅಟ್ಯಾಕ್ ಮುಗಿಯಿತು, ಬೋನಸ್ ಆ್ಯಕ್ಷನ್‌ನಿಂದ ಡಿಸ್‌ಎಂಗೇಜ್ ಮಾಡಿ ಹಿಂದೆ ಸರಿಯಬೇಕು. ತಪ್ಪಿದರೆ ಮಾತ್ರ ಎಡಗೈಯನ್ನು ನೆಚ್ಚಬೇಕು. ಸ್ನೀಕ್ ಅಟ್ಯಾಕ್‌ಗೆ ಫಿನೆಸ್ ಗುಣದ (ಬಲದ ಬದಲು ಚುರುಕಿನಿಂದಲೂ ಬೀಸಬಹುದಾದ) ಅಥವಾ ದೂರದಿಂದ ಹೊಡೆಯುವ ಆಯುಧವೇ ಆಗಬೇಕಾದ್ದರಿಂದ ಶಾರ್ಟ್‌ಸೋರ್ಡ್, ಡ್ಯಾಗರ್ ಸರಿ. ಹ್ಯಾಂಡ್‌ಆ್ಯಕ್ಸನ್ನು ಎಸೆದರೂ ಅದು ಕೈಹೋರಾಟದ ಆಯುಧವಾಗಿಯೇ ಉಳಿಯುವುದರಿಂದ ಉಪಯೋಗಕ್ಕೆ ಬಾರದು.

ರೇಂಜರ್‌ನ ಸಂದಿಗ್ಧ ಬೇರೆ ಬಗೆಯದು. ಹಂಟರ್ಸ್ ಮಾರ್ಕ್ ಮಂತ್ರ ಹಾಕುವುದಕ್ಕೂ, ಗುರುತಿಟ್ಟ ಶತ್ರು ಸತ್ತ ಮೇಲೆ ಅದನ್ನು ಇನ್ನೊಬ್ಬನ ಮೇಲೆ ಕದಲಿಸುವುದಕ್ಕೂ ಬೋನಸ್ ಆ್ಯಕ್ಷನ್ನೇ ಬೇಕು. ಎರಡನೇ ಲೆವೆಲ್‌ನ ರೇಂಜರ್‌ಗೆ, ಮೇಲಿನದೇ ಅಂಕಿಗಳಲ್ಲಿ, ಮಾರ್ಕ್ ಹಾಕದೆ ಎರಡೂ ಕೈಯಿಂದ ಹೊಡೆದರೆ ಸರದಿಗೆ ಸುಮಾರು 8.5 ಬರುತ್ತದೆ. ಮಾರ್ಕ್ ಹಾಕಿದ ಸರದಿಯಲ್ಲಿ ಒಂದೇ ಹೊಡೆತವಾದ್ದರಿಂದ 6.5ಕ್ಕೆ ಇಳಿಯುತ್ತದೆ, ಆದರೆ ಮುಂದಿನ ಪ್ರತಿ ಸರದಿಯಲ್ಲಿ ಎರಡೂ ಹೊಡೆತಗಳಿಗೆ ಆರು ಮುಖದ ದಾಳ ಸೇರಿ 13ಕ್ಕೆ ಏರುತ್ತದೆ. ಮೊದಲು ಎರಡು ಪಾಯಿಂಟ್ ಕಳೆದುಕೊಂಡು ಆಮೇಲೆ ಸರದಿಗೆ ನಾಲ್ಕೂವರೆ ಗಳಿಸುವ ಲೆಕ್ಕ ಇದು. ಹಾಗಾಗಿ 59 ಹಿಟ್ ಪಾಯಿಂಟಿನ ಓಗರ್ ಎದುರಿಗಿದ್ದರೆ ಮೊದಲ ಸರದಿಯಲ್ಲೇ ಮಾರ್ಕ್ ಹಾಕಬೇಕು, ಏಳು ಪಾಯಿಂಟಿನ ಗಾಬ್ಲಿನ್‌ಗಳ ಹಿಂಡಾದರೆ ಮಾರ್ಕ್ ಗೊಡವೆಯೇ ಬೇಡ. ಇನ್ನೊಂದು ಸಣ್ಣ ವಿವರವೂ ಇಲ್ಲಿದೆ: ಹಂಟರ್ಸ್ ಮಾರ್ಕ್‌ಗೆ ಬಾಯಿಮಾತು ಸಾಕು, ಕೈಸನ್ನೆ ಬೇಕಿಲ್ಲ, ಆದ್ದರಿಂದ ಎರಡೂ ಕೈಯಲ್ಲಿ ಕತ್ತಿಯಿದ್ದರೂ ಹಾಕಬಹುದು. ಗಾಯ ಮಾಯಿಸುವ ಮಂತ್ರವಾದ ಕ್ಯೂರ್ ವೂಂಡ್ಸ್‌ಗೆ ಕೈಸನ್ನೆ ಬೇಕು. ಬಿದ್ದ ಗೆಳೆಯನನ್ನು ಎಬ್ಬಿಸಲು ರೇಂಜರ್ ಒಂದು ಕತ್ತಿಯನ್ನು ಕೆಳಗೆ ಬಿಡಬೇಕು ಅಥವಾ ಒರೆಗೆ ಸೇರಿಸಬೇಕು, ವಾರ್ ಕ್ಯಾಸ್ಟರ್ ಫೀಟ್ (ಆರಿಸಿಕೊಳ್ಳಬಹುದಾದ ವಿಶೇಷ ಕೌಶಲ) ಇದ್ದವರಿಗೆ ಮಾತ್ರ ಈ ಗೋಜಿಲ್ಲ.

ಬಾರ್ಬೇರಿಯನ್ ವರ್ಗದವನು ತನ್ನ ರೇಜ್ ಎಂಬ ಆವೇಶ ಶುರು ಮಾಡುವುದೂ ಬೋನಸ್ ಆ್ಯಕ್ಷನ್‌ನಿಂದಲೇ, ಹಾಗಾಗಿ ಮೊದಲ ಸರದಿಯಲ್ಲಿ ಎಡಗೈ ಸುಮ್ಮನಿರಬೇಕಾಗುತ್ತದೆ. ಆದರೆ ರೇಜ್‌ನ ಹೆಚ್ಚುವರಿ 2 ಡ್ಯಾಮೇಜ್ ಸಾಮರ್ಥ್ಯದ ಮಾಡಿಫೈಯರ್ ಅಲ್ಲದ್ದರಿಂದ ನಂತರದ ಸರದಿಗಳಲ್ಲಿ ಅದು ಎಡಗೈ ಹೊಡೆತಕ್ಕೂ ಸೇರುತ್ತದೆ, ಸ್ಟ್ರೆಂತ್ ಬಳಸಿ ಹೊಡೆದಿರಬೇಕಷ್ಟೇ. ಮಂಕ್‌ಗೆ ಬೋನಸ್ ಆ್ಯಕ್ಷನ್‌ನಲ್ಲಿ ಬರಿಗೈಯಿಂದಲೇ ಮಾಡಿಫೈಯರ್ ಸಮೇತ ಹೊಡೆಯಲು ಬರುವುದರಿಂದ ಎರಡನೇ ಆಯುಧ ಅವನಿಗೆ ಬರೀ ಭಾರ.

ಡ್ಯುಯಲ್ ವೀಲ್ಡರ್ ಫೀಟ್ ಬಗ್ಗೆ ಹೇಳುವುದಾದರೆ, 2014ರ ಪುಸ್ತಕದಲ್ಲಿ ಅದು ಆರ್ಮರ್ ಕ್ಲಾಸ್‌ಗೆ 1 ಕೂಡಿಸಿ, ಲೈಟ್ ಅಲ್ಲದ ಒಂಟಿಗೈ ಆಯುಧಗಳನ್ನೂ ಜೋಡಿಯಾಗಿ ಬಳಸಲು ಬಿಟ್ಟು, ಎರಡನ್ನೂ ಒಟ್ಟಿಗೆ ಎಳೆಯಲು ಅನುಮತಿಸುತ್ತದೆ. ಶಾರ್ಟ್‌ಸೋರ್ಡ್ ಬದಲು ಎಂಟು ಮುಖದ ದಾಳದ ರೇಪಿಯರ್ ಬಂದರೆ ಪ್ರತಿ ಪೆಟ್ಟಿಗೆ ಸರಾಸರಿ 1 ಹೆಚ್ಚುತ್ತದೆ. ನಾಲ್ಕನೇ ಲೆವೆಲ್‌ನಲ್ಲಿ ಇದರ ಬದಲು ಡೆಕ್ಸ್‌ಟೆರಿಟಿಯನ್ನು 2 ಏರಿಸಿದರೂ ಡ್ಯಾಮೇಜ್ ಅಷ್ಟೇ ಹೆಚ್ಚುತ್ತದೆ, ಹಗುರ ಕವಚ ತೊಟ್ಟವರ ಆರ್ಮರ್ ಕ್ಲಾಸ್ ಅಷ್ಟೇ ಏರುತ್ತದೆ, ಮೇಲಾಗಿ ಗುರಿ ಚುರುಕಾಗಿ ಇನಿಶಿಯೇಟಿವ್ (ಯಾರ ಸರದಿ ಮೊದಲು ಎಂಬುದನ್ನು ನಿರ್ಧರಿಸುವ ಅಂಕಿ) ಕೂಡ ಸುಧಾರಿಸುತ್ತದೆ. ಡೆಕ್ಸ್‌ಟೆರಿಟಿ 20 ಮುಟ್ಟಿದ ಮೇಲೆ ಈ ಫೀಟ್ ಯೋಚಿಸಬಹುದು, ಅದಕ್ಕಿಂತ ಮೊದಲು ಬೇಡ.

2024ರಲ್ಲಿ ಬದಲಾದದ್ದು

ಪರಿಷ್ಕೃತ ಕೈಪಿಡಿಯಲ್ಲಿ ಈ ನಿಯಮ ಕಾಳಗದ ಅಧ್ಯಾಯದಿಂದ ಹೊರಟು ಲೈಟ್ ಗುಣದ ವಿವರಣೆಯೊಳಗೆ ಸೇರಿಕೊಂಡಿದೆ. ಸಾರ ಬಹುಮಟ್ಟಿಗೆ ಅದೇ: ಲೈಟ್ ಆಯುಧದಿಂದ ಹೊಡೆದ ಮೇಲೆ ಬೋನಸ್ ಆ್ಯಕ್ಷನ್‌ನಿಂದ ಬೇರೊಂದು ಲೈಟ್ ಆಯುಧದ ಹೊಡೆತ, ಡ್ಯಾಮೇಜ್‌ಗೆ ಮಾಡಿಫೈಯರ್ ಇಲ್ಲ. ನಿಜವಾದ ಬದಲಾವಣೆ ಬಂದಿರುವುದು ವೆಪನ್ ಮಾಸ್ಟರಿಯಿಂದ, ಅಂದರೆ ಆಯಾ ಆಯುಧಕ್ಕೆ ಇರುವ ವಿಶೇಷ ಕೈಚಳಕದಿಂದ. ಡ್ಯಾಗರ್, ಲೈಟ್ ಹ್ಯಾಮರ್, ಸಿಕಲ್ ಮತ್ತು ಸಿಮಿಟರ್‌ಗೆ ನಿಕ್ ಎಂಬ ಮಾಸ್ಟರಿ ಇದೆ. ಅದನ್ನು ಬಲ್ಲ ಪಾತ್ರ ಆ ಹೆಚ್ಚುವರಿ ಹೊಡೆತವನ್ನು ಅಟ್ಯಾಕ್ ಆ್ಯಕ್ಷನ್‌ನ ಒಳಗೇ, ಸರದಿಗೆ ಒಂದು ಸಲ, ಹೊಡೆದುಬಿಡಬಹುದು. ಬೋನಸ್ ಆ್ಯಕ್ಷನ್ ಕೈಯಲ್ಲೇ ಉಳಿಯುತ್ತದೆ. ರೇಂಜರ್ ಒಂದೇ ಸರದಿಯಲ್ಲಿ ಮಾರ್ಕ್ ಹಾಕಿ ಎರಡೂ ಕತ್ತಿಗಳನ್ನು ಬೀಸುತ್ತಾನೆ, ರೋಗ್ ಎರಡು ಸಲ ಹೊಡೆದು ಕನಿಂಗ್ ಆ್ಯಕ್ಷನ್‌ನಿಂದ ಜಾರಿಕೊಳ್ಳುತ್ತಾನೆ. ಹತ್ತು ವರ್ಷ ಜೋಡಿ ಕತ್ತಿಯವರನ್ನು ಕಾಡಿದ ಸಂದಿಗ್ಧ ಒಂದೇ ಸಾಲಿನಲ್ಲಿ ಕರಗಿತು.

ಹಾಗಾಗಿ 2024ರಲ್ಲಿ ಒಂದೇ ಬಗೆಯ ಎರಡು ಕತ್ತಿ ಕೊಳ್ಳುವುದು ಜಾಣತನವಲ್ಲ. ಒಂದು ಕೈಗೆ ಶಾರ್ಟ್‌ಸೋರ್ಡ್, ಇನ್ನೊಂದಕ್ಕೆ ಸಿಮಿಟರ್ ಕೊಡಿ. ಶಾರ್ಟ್‌ಸೋರ್ಡ್‌ನ ಮಾಸ್ಟರಿ ವೆಕ್ಸ್, ಅಂದರೆ ಅದು ತಾಗಿ ಡ್ಯಾಮೇಜ್ ಆದರೆ ಅದೇ ಶತ್ರುವಿನ ಮೇಲಿನ ನಿಮ್ಮ ಮುಂದಿನ ಹೊಡೆತಕ್ಕೆ ಅಡ್ವಾಂಟೇಜ್ (ಎರಡು ದಾಳ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳುವ ಅವಕಾಶ) ಸಿಗುತ್ತದೆ. ಆದ್ದರಿಂದ ಮೊದಲು ಶಾರ್ಟ್‌ಸೋರ್ಡ್, ಅದರ ಬೆನ್ನಿಗೆ ನಿಕ್ ಬಲದಿಂದ ಸಿಮಿಟರ್ ಎಂಬುದು ಸರಿಯಾದ ಕ್ರಮ. ಹೆಚ್ಚುವರಿ ಹೊಡೆತವನ್ನು ನಿಕ್ ಇರುವ ಆಯುಧದಿಂದಲೇ ಹೊಡೆದರೆ ಯಾವ ಡಂಜನ್ ಮಾಸ್ಟರ್ ಕೂಡ ತಕರಾರು ತೆಗೆಯುವುದಿಲ್ಲ. ಬಲದ ಪಾತ್ರಕ್ಕಾದರೆ ಹ್ಯಾಂಡ್‌ಆ್ಯಕ್ಸ್ ಮತ್ತು ಲೈಟ್ ಹ್ಯಾಮರ್ ಇದೇ ಕೆಲಸ ಮಾಡುತ್ತವೆ. ಹೊಸ ಡ್ಯುಯಲ್ ವೀಲ್ಡರ್ ಫೀಟ್ ಇದರ ಮೇಲೆ ಬೋನಸ್ ಆ್ಯಕ್ಷನ್‌ನಲ್ಲಿ ಇನ್ನೊಂದು ಹೊಡೆತ ಕೊಡುತ್ತದೆ, ಸಾಲದ್ದಕ್ಕೆ ಸ್ಟ್ರೆಂತ್ ಅಥವಾ ಡೆಕ್ಸ್‌ಟೆರಿಟಿಯನ್ನು 1 ಏರಿಸುತ್ತದೆ. ಐದನೇ ಲೆವೆಲ್‌ನ ಫೈಟರ್‌ಗೆ ಹೀಗೆ ಸರದಿಗೆ ನಾಲ್ಕು ಹೊಡೆತ. ಹಳೆಯ ಫೀಟ್‌ಗೆ ನಾನು ಹೇಳಿದ ‘ಬೇಡ’ ಇದಕ್ಕೆ ಅನ್ವಯಿಸುವುದಿಲ್ಲ.

ಮೇಜಿನ ಮೇಲೆ ಪಾಲಿಸಬೇಕಾದದ್ದು

ಹೊಡೆತಗಳು ಹೆಚ್ಚಾದಂತೆ ಸರದಿಯೂ ಉದ್ದವಾಗುತ್ತದೆ, ಉಳಿದ ಆಟಗಾರರು ಫೋನ್ ನೋಡತೊಡಗುತ್ತಾರೆ. ಇದನ್ನು ತಪ್ಪಿಸಲು ಪಾತ್ರದ ಹಾಳೆಯಲ್ಲಿ ಎರಡು ಆಯುಧಗಳನ್ನೂ ಬೇರೆಬೇರೆ ಸಾಲಿನಲ್ಲಿ ಬರೆದು, ಎಡಗೈ ಸಾಲಿನಲ್ಲಿ ಡ್ಯಾಮೇಜ್‌ಗೆ ಏನೇನು ಸೇರುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿಡಬೇಕು. ಪ್ರತಿ ಕೈಗೂ ಒಂದು ಬಣ್ಣದ ಡಿ20 (ಇಪ್ಪತ್ತು ಮುಖದ ದಾಳ) ಮತ್ತು ಅದೇ ಬಣ್ಣದ ಡ್ಯಾಮೇಜ್ ದಾಳ ಇಟ್ಟುಕೊಂಡು, ತಾಗಿತೇ ಎನ್ನುವ ದಾಳವನ್ನೂ ಡ್ಯಾಮೇಜ್ ದಾಳವನ್ನೂ ಜೊತೆಯಾಗಿ ಉರುಳಿಸಿದರೆ ಅರ್ಧ ಸಮಯ ಉಳಿಯುತ್ತದೆ. ಎರಡೂ ಕೈಗಳದ್ದನ್ನು ಒಟ್ಟಿಗೆ ಉರುಳಿಸುವ ಅಭ್ಯಾಸ ಮಾತ್ರ ಒಳ್ಳೆಯದಲ್ಲ. ಮೊದಲ ಪೆಟ್ಟಿಗೇ ಶತ್ರು ಬಿದ್ದರೆ ಎರಡನೆಯದು ಯಾರ ಮೇಲೆ ಎಂಬ ಆಯ್ಕೆ ನಿಮ್ಮ ಕೈತಪ್ಪುತ್ತದೆ.

ಹಳೆಯ 3.5ನೇ ಆವೃತ್ತಿ ಆಡಿ ಬಂದವರು ಗುಂಪಿನಲ್ಲಿದ್ದರೆ ಅವರ ನೆನಪನ್ನು ನಂಬಿ ತೀರ್ಪು ಕೊಡಬೇಡಿ. ಅಲ್ಲಿ ತರಬೇತಿಯಿಲ್ಲದವನು ಎರಡು ಆಯುಧ ಹಿಡಿದರೆ ಮುಖ್ಯ ಕೈಗೆ 6, ಇನ್ನೊಂದು ಕೈಗೆ 10 ಕಳೆಯಬೇಕಿತ್ತು. ಫೀಟ್ ಪಡೆದು, ಎಡಗೈಗೆ ಹಗುರ ಆಯುಧ ಕೊಟ್ಟರೂ ಎರಡೂ ಕೈಗೆ 2 ಕಳೆಯುವುದು ತಪ್ಪುತ್ತಿರಲಿಲ್ಲ. ಇದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್‌ನ ಎರಡನೇ ಆವೃತ್ತಿಯ ದಾರಿಯೂ ಬೇರೆ. ಅಲ್ಲಿ ಎಷ್ಟು ಆಯುಧ ಹಿಡಿದಿದ್ದರೂ ಅದೇ ಸರದಿಯ ಎರಡನೇ ಹೊಡೆತಕ್ಕೆ 5, ಮೂರನೆಯದಕ್ಕೆ 10 ಕಳೆಯುತ್ತಾರೆ, ಅಜೈಲ್ ಗುಣದ ಆಯುಧವಾದರೆ 4 ಮತ್ತು 8.

ಡಂಜನ್ ಮಾಸ್ಟರ್ ಆದವರು ಒಂದು ವಿಷಯವನ್ನು ಮುಂಚೆಯೇ ತೀರ್ಮಾನಿಸಿಡಬೇಕು. 2024ರ ಲೈಟ್ ಗುಣದಲ್ಲಿ ಬೇರೆ ಆಯುಧ ಎಂದಿದೆಯೇ ಹೊರತು ಇನ್ನೊಂದು ಕೈ ಎಂಬ ಮಾತಿಲ್ಲ, ಮತ್ತು ಅಟ್ಯಾಕ್ ಆ್ಯಕ್ಷನ್‌ನ ಪ್ರತಿ ಹೊಡೆತದ ಜೊತೆಗೆ ಒಂದು ಆಯುಧವನ್ನು ಎಳೆಯುವುದಕ್ಕೋ ಒರೆಗೆ ಸೇರಿಸುವುದಕ್ಕೋ ಅನುಮತಿಯಿದೆ. ಇವೆರಡನ್ನೂ ಜೋಡಿಸಿದ ಜಾಣ ಆಟಗಾರ ಒಂದು ಕೈಯಲ್ಲಿ ಗುರಾಣಿ ಹಿಡಿದೇ, ಇನ್ನೊಂದೇ ಕೈಯಲ್ಲಿ ಶಾರ್ಟ್‌ಸೋರ್ಡ್ ಬೀಸಿ, ಒರೆಗೆ ಸೇರಿಸಿ, ಸಿಮಿಟರ್ ಎಳೆದು ಹೊಡೆಯುತ್ತೇನೆ ಎನ್ನುತ್ತಾನೆ. ಅಕ್ಷರಕ್ಕೆ ಅಂಟಿಕೊಂಡರೆ ಅವನ ವಾದದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಗುರಾಣಿಯ 2 ಆರ್ಮರ್ ಕ್ಲಾಸ್ ಬಿಟ್ಟುಕೊಟ್ಟು ಎರಡೂ ಕೈಗೆ ಕತ್ತಿ ಹಿಡಿದವನು ಪಕ್ಕದಲ್ಲೇ ಕೂತಿರುತ್ತಾನೆ. ನನ್ನ ಮೇಜಿನಲ್ಲಿ ಎರಡು ಆಯುಧಗಳೂ ಹೊಡೆಯುವ ಹೊತ್ತಿಗೆ ಬೇರೆಬೇರೆ ಕೈಯಲ್ಲಿರಬೇಕು ಎಂದೇ ಕಟ್ಟಳೆ. ನಿಮ್ಮ ಮೇಜಿನಲ್ಲಿ ಏನೆಂದು ಪಾತ್ರಗಳನ್ನು ಕಟ್ಟುವ ದಿನವೇ ಹೇಳಿಬಿಡಿ.